ಡಬ್ಬಿ ಹಾಲು ತನ್ನಿ ಅಂದ ಸಿಸ್ಟರು

ಅಕ್ಕಂದಿರೇ, ಎಚ್‌ಐವಿ ಇರೋ ಬಾಣಂತಿ ಹಾಲು ಕುಡಿಸ್ಲೇಬಾರ್ದು ಅನ್ನೋ ಮಾತು ನಮ್ಮ ಕೋಲಾರ, ಮಾಲೂರು ಕಡೆ ಇನ್ನೂ ಕಿವಿಗೆ ಬೀಳ್ತೈತೆ. ಒಂದಾಸ್ಪತ್ರೇಲಿ ಸಿಸ್ಟರೊಬ್ರು, "ಎದೆಹಾಲು ಬೇಡ, ಡಬ್ಬಿ ಹಾಲು ತನ್ನಿ" ಅಂತ ವಾರ್ಡಿಗೆಲ್ಲಾ ಕೇಳೋ ಹಂಗಂದ್ರು. ಪಕ್ಕದ ಮಂಚದವ್ರೆಲ್ಲ ತಿರುಗಿ ನೋಡಿದ್ರು. ಆ ಹುಡುಗಿ ಮುಖ ಇನ್ನೂ ಕಣ್ಮುಂದೈತೆ.

ರೂಲ್ಸು ಹಂಗಿಲ್ಲ ಕಣ್ರಮ್ಮ. ತಾಯಿ ದಿನಾ ಎಆರ್‌ಟಿ ಮಾತ್ರೆ ತಪ್ಪದೆ ನುಂಗ್ಬೇಕು, ಕೂಸಿಗೆ ಡಾಕ್ಟ್ರು ಕೊಟ್ಟ ಸಿರಪ್ಪು ಹಾಕ್ಬೇಕು, ಮೊದಲ 6 ತಿಂಗಳು ಬರೀ ಎದೆಹಾಲು. ಎಚ್‌ಐವಿ ಇರೋ ಬಸುರಿಯರಿಗೆಲ್ಲ 2014ರಿಂದ ಈ ಮಾತ್ರೆ ಸರ್ಕಾರದಿಂದ ಪುಕ್ಕಟೆ, ಜೀವನಪೂರ್ತಿ. ಡಬ್ಬಿ ಹಾಲೇ ಅಂತ ತಾಯಿ ಒಪ್ಪಿದ್ರೆ ಅದೊಂದೇ ಕೊಡ್ಬೇಕು. ಎರಡೂ ಬೆರೆಸೋದೇ ಮೋಸ. ಎದೆಹಾಲಿನ ಜೊತೆ ಜೇನು, ಬೆಲ್ಲದ ನೀರು, ಹಸುವಿನ ಹಾಲು ಬಿದ್ರೆ ಎಳೇ ಕರುಳಿಗೆ ಏಟು, ವೈರಸ್ಸಿಗೆ ದಾರಿ. ಅದನ್ನ ನೆಕ್ಕಿಸೋರು ಪ್ರೀತಿಯಿಂದ್ಲೇ ನೆಕ್ಕಿಸ್ತೀವಿ, ನಾವು ಅಜ್ಜಿಯರು!

ನನ್ನ ಕೇಳಿದ್ರೆ, ಸಿಸ್ಟರು ತಾಯೊಬ್ಳನ್ನೇ ಪಕ್ಕಕ್ಕೆ ಕರ್ಕೊಂಡೋಗಿ ಹೇಳ್ಬೇಕು. ಅವಳು ಒಪ್ಪದೆ ಅತ್ತೆಗೂ ಕಾಯಿಲೆ ಹೆಸರು ಹೇಳೋ ಹಂಗಿಲ್ಲ, 2017ರ ಕಾನೂನೇ ಐತೆ. ಅತ್ತೆಗೆ "6 ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ" ಅಂದ್ರೆ ಸಾಕು. ಆ ಮಾತು ಮುಳಬಾಗಿಲು, ಶ್ರೀನಿವಾಸಪುರದ ಎಲ್ಲಾ ಕೂಸುಗಳಿಗೂ ಹೇಳೋದೇ ತಾನೇ, ಯಾರಿಗೂ ಅನುಮಾನ ಬರಲ್ಲ.