ಪೂರ್ಣಾಂಕಕ್ಕೂ ಕುಲ ಕೇಳುವವರು

ಒಂದರಿಂದ ಇಪ್ಪತ್ತೊಂದರವರೆಗಿನ ಸಂಖ್ಯೆಗಳ ಗುಣಲಬ್ಧ ಎಷ್ಟೆಂದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ನನ್ನ ಪ್ರೋಗ್ರಾಮನ್ನು ಒಮ್ಮೆ ಕೇಳಿದೆ. ಋಣ ಸಂಖ್ಯೆಯೊಂದನ್ನು ಮುಂದಿಟ್ಟಿತು! ಇಪ್ಪತ್ತರವರೆಗೆ ಉತ್ತರ ಸರಿಯಿತ್ತು. 64 ಬಿಟ್‌ಗಳ ಕೊಳಗಕ್ಕೆ ಅದರಾಚೆ ಹಿಡಿಸಲಿಲ್ಲ. ಎಷ್ಟು ಉದ್ದದ ಪೂರ್ಣಾಂಕವಾದರೂ ಹಿಡಿಸುವ ಟೈಪ್ ಒಂದನ್ನು ನಾನೇ ಕಟ್ಟಲು ಕೂತೆ.

ಕೂಡುವುದು, ಗುಣಿಸುವುದು ಶಾಲೆಯಲ್ಲಿ ಕಲಿತದ್ದೇ. ದಶಕ ಹಿಡಿದು ಮುಂದೆ ಸಾಗುವುದು. ಕಷ್ಟವಾದದ್ದು ಅದನ್ನು ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯೊಡನೆ ಬಾಳಿಸುವುದು. ‘ಸಾರ್ಟ್’ ಮುಖ್ಯವಾಗಿ ಕೇಳಿದ್ದು: ಎರಡರಲ್ಲಿ ಚಿಕ್ಕದು ಯಾವುದೆಂದು ಹೇಳಬಲ್ಲೆಯಾ? ‘ಅಕ್ಯುಮುಲೇಟ್’ ಕೇಳಿದ್ದು: ಕೂಡಬಲ್ಲೆಯಾ? ಅದೇ ಹೆಡರ್‌ನಲ್ಲಿರುವ ‘ಜಿಸಿಡಿ’, ಅಂದರೆ 2017ರ ಆವೃತ್ತಿಯಲ್ಲಿ ಬಂದ ಮ.ಸಾ.ಅ. ಫಂಕ್ಷನ್, ಮಾತ್ರ ಹೊಸ್ತಿಲಲ್ಲೇ ತಡೆಯಿತು. ಭಾಗಿಸಿ ಶೇಷ ಹೇಳಬಲ್ಲೆಯಾ ಎಂದು ಅದು ಕೇಳಲಿಲ್ಲ. ನಿನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದಿತು.

ಆ ಪಟ್ಟಿಯ ಹೆಸರು ‘ಈಸ್ ಇಂಟೆಗ್ರಲ್’. ಹೌದು, ಅಲ್ಲ ಎಂಬೆರಡೇ ಮಾತು ಬಲ್ಲ ‘ಬೂಲ್’ ಅದರಲ್ಲಿದೆ. ಅಕ್ಷರ ಇಡುವ ‘ಕ್ಯಾರ್’ ಇದೆ. ತುಂಬಿ ಚೆಲ್ಲದ ನನ್ನ ಪೂರ್ಣಾಂಕಕ್ಕೆ ಜಾಗವಿಲ್ಲ. ನಾನೇ ಸೇರಿಸಹೋದರೆ, ಮುಂದೆ ಏನಾದರೂ ಹೊಣೆ ನಮ್ಮದಲ್ಲ ಎನ್ನುತ್ತದೆ ಭಾಷೆಯ ನಿಯಮ. ವಿಚಿತ್ರವೆಂದರೆ ‘ನ್ಯೂಮರಿಕ್ ಲಿಮಿಟ್ಸ್’ ಎಂಬ ಇನ್ನೊಂದು ಕಡೆ ‘ನಾನು ಪೂರ್ಣಾಂಕ, ನನಗೆ ಮಿತಿಯಿಲ್ಲ’ ಎಂದು ಬರೆಸಿಕೊಳ್ಳಲು ಇದೇ ಲೈಬ್ರರಿ ಒಪ್ಪುತ್ತದೆ. ಹಿತ್ತಿಲಲ್ಲಿ ನೆಂಟ, ಪಡಸಾಲೆಯಲ್ಲಿ ಅಪರಿಚಿತ!

ಬಲ್ಲವರ ಸಮರ್ಥನೆ ಗೊತ್ತು: ಪಟ್ಟಿಯಲ್ಲಿರುವುದೆಲ್ಲ ನಿಗದಿತ ಬಿಟ್‌ಗಳದ್ದು, ಆ ಭರವಸೆಯ ಮೇಲೆ ಎಷ್ಟೋ ಕೋಡ್ ನಿಂತಿದೆ. ಒಪ್ಪುತ್ತೇನೆ. ಹಾಗಾದರೆ ಪಟ್ಟಿಯನ್ನು ‘ಯಂತ್ರದ ಅಂಕಿಗಳು’ ಎಂದು ಕರೆಯಿರಿ; ‘ಪೂರ್ಣಾಂಕ’ ಎಂಬ ಮಾತನ್ನು ಗುತ್ತಿಗೆ ಹಿಡಿಯಬೇಡಿ. ಮ.ಸಾ.ಅ. ತೆಗೆಯುವ ಯೂಕ್ಲಿಡ್‌ನ ವಿಧಾನಕ್ಕೆ ಬಿಟ್‌ಗಳ ಲೆಕ್ಕವೇ ಬೇಡ, ಶೇಷ ಸಾಕು. ಪೈಥಾನ್ ತನ್ನ 2008ರ ಮೂರನೇ ಆವೃತ್ತಿಯಿಂದ ಚಿಕ್ಕ, ದೊಡ್ಡ ಪೂರ್ಣಾಂಕಗಳನ್ನು ಒಂದೇ ಟೈಪಿನಲ್ಲಿ ಇಟ್ಟಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಇಂಥ ಟೈಪ್ ಕಟ್ಟಹೊರಟ ವಿದ್ಯಾರ್ಥಿಗಳಿಗೆ ನನ್ನ ಮಾತು: ಕಳ್ಳದಾರಿಯಲ್ಲಿ ಪಟ್ಟಿಗೆ ನುಗ್ಗಬೇಡಿ. ‘ಲಿಮಿಟ್ಸ್’ ಅನ್ನು ಪ್ರಾಮಾಣಿಕವಾಗಿ ತುಂಬಿ, ‘ಹ್ಯಾಶ್’ ಒದಗಿಸಿ, ಮ.ಸಾ.ಅ.ವನ್ನು ನಿಮ್ಮದೇ ನೇಮ್‌ಸ್ಪೇಸ್‌ನಲ್ಲಿ ಬರೆಯಿರಿ. ಹೊಂದಾಣಿಕೆ ಬೇರೆ, ಸುಳ್ಳು ಹೇಳಿ ಒಳಸೇರುವುದು ಬೇರೆ.

ಲೈಬ್ರರಿ ಬರೆಯುವವರಿಗೂ ಒಂದು ಮಾತು: ಬಾಗಿಲಿಗೆ ಬಂದವರ ಕುಲ ಕೇಳಬೇಡಿ, ಬಲ್ಲ ಕೆಲಸ ಕೇಳಿ. ನಿಮ್ಮದೇ ಮನೆಯ ‘ಸಾರ್ಟ್’ ಎಂದಿನಿಂದಲೂ ಹಾಗೆಯೇ ಕೇಳುತ್ತಿದೆ.