ಗಾಮನಿಗೆ ದಾರಿ ತೋರಿದವರು ಯಾರು?

‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?’ ಎಫ್‌ಡಿಎ ಇರಲಿ, ಪಿಡಿಒ ಇರಲಿ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯೇ ಇರಲಿ, ತಯಾರಿ ನಡೆಸಿದವರಿಗೆಲ್ಲ ಈ ಪ್ರಶ್ನೆ ಪರಿಚಿತ. ಉತ್ತರವೂ ಬಾಯಿಪಾಠ: ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ. ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಒಂದು ಅಂಕವೇನೋ ಸಿಗುತ್ತದೆ. ಆದರೆ ದಡವೇ ಕಾಣದ ಸಮುದ್ರದ ನಡುವೆ ತಾನೆಲ್ಲಿದ್ದೇನೆ, ಯಾವ ಕಡೆ ಹೋಗಬೇಕು ಎಂಬುದು ಆತನಿಗೆ ತಿಳಿದದ್ದು ಹೇಗೆ? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದು. ಅದನ್ನು ಕೇಳಿದ ಕೂಡಲೇ ‘ಕಂಡುಹಿಡಿದ’ ಎಂಬ ಪದವೇ ಅಲುಗಾಡತೊಡಗುತ್ತದೆ.

ಮೊದಲು ಉಪಕರಣಗಳನ್ನು ನೋಡೋಣ. ದಿಕ್ಸೂಚಿ ಯುರೋಪಿನದಲ್ಲ, 12ನೇ ಶತಮಾನದ ಆರಂಭದಲ್ಲೇ ಚೀನಾದ ಹಡಗುಗಳಲ್ಲಿ ಅದು ಬಳಕೆಯಲ್ಲಿತ್ತು. ಆದರೆ ದಿಕ್ಸೂಚಿ ಉತ್ತರ ಯಾವುದೆಂದು ಹೇಳುತ್ತದೆಯೇ ಹೊರತು ನಾವು ಎಲ್ಲಿದ್ದೇವೆಂದು ಹೇಳುವುದಿಲ್ಲ. ಅದಕ್ಕೆ ಆಕಾಶವನ್ನೇ ನೋಡಬೇಕು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ನಾವಿರುವ ಅಕ್ಷಾಂಶ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ ಎತ್ತರದಲ್ಲಿ ಕಂಡರೆ, ಬೀದರ್‌ನಲ್ಲಿ ಸುಮಾರು 18 ಡಿಗ್ರಿ ಎತ್ತರದಲ್ಲಿರುತ್ತದೆ.

ಆಫ್ರಿಕಾದ ಕರಾವಳಿಗುಂಟ ದಕ್ಷಿಣಕ್ಕೆ ಇಳಿದ ಪೋರ್ಚುಗೀಸರಿಗೆ ಸಮಭಾಜಕ ವೃತ್ತ ದಾಟಿದ ಮೇಲೆ ಧ್ರುವ ನಕ್ಷತ್ರ ಕಾಣದಾಯಿತು. ಆಗ ಉಳಿದದ್ದು ಮಧ್ಯಾಹ್ನದ ಸೂರ್ಯ. ಸೂರ್ಯನ ಎತ್ತರ ಅಳೆಯಲು ಆಸ್ಟ್ರೊಲೇಬ್ ಬೇಕು, ಆ ಅಳತೆಯಿಂದ ಅಕ್ಷಾಂಶ ಲೆಕ್ಕ ಹಾಕಲು ಕೋಷ್ಟಕಗಳು ಬೇಕು. ಆಸ್ಟ್ರೊಲೇಬ್ ಗ್ರೀಕರ ಕಲ್ಪನೆ. ಅರಬ್ ಲೋಕದ ವಿದ್ವಾಂಸರು ಶತಮಾನಗಳ ಕಾಲ ತಿದ್ದಿ ಬೆಳೆಸಿದ್ದು. ಕೋಷ್ಟಕಗಳನ್ನು ರಚಿಸಿದ ಅಬ್ರಹಾಂ ಝಕುಟೊ ಯಹೂದಿ ಖಗೋಳಜ್ಞ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನೆಲ್ಲ ಹೊರಹಾಕಿದಾಗ ಪೋರ್ಚುಗಲ್‌ಗೆ ಬಂದವನು. 1496ರಲ್ಲಿ ಆತನ ಗ್ರಂಥ ಅಲ್ಲಿ ಅಚ್ಚಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ಪೋರ್ಚುಗಲ್ ಕೂಡ ಯಹೂದಿಗಳಿಗೆ ಬಾಗಿಲು ಮುಚ್ಚಿ ಆತನನ್ನು ಮತ್ತೆ ಅಲೆಮಾರಿಯಾಗಿಸಿತು. 1497ರ ಜುಲೈ 8ರಂದು ಲಿಸ್ಬನ್‌ನಿಂದ ಹೊರಟ ಗಾಮನ ಹಡಗುಗಳಲ್ಲಿದ್ದ ಜ್ಞಾನ ಹೀಗೆ ಹಲವು ನಾಡುಗಳಿಂದ ಬಂದು ಸೇರಿದ್ದು. ಅದೂ ಸುಲಭವಾಗಿ ಕೈಗೆ ಬರುತ್ತಿರಲಿಲ್ಲ. ಓಲಾಡುವ ಹಡಗಿನ ಮೇಲೆ ಅಳತೆ ತಪ್ಪುತ್ತದೆಂದು ಗಾಮ ಆಫ್ರಿಕಾದ ಸೇಂಟ್ ಹೆಲೆನಾ ಕೊಲ್ಲಿಯಲ್ಲಿ ದಡಕ್ಕಿಳಿದು, ಮರದ ದೊಡ್ಡ ಆಸ್ಟ್ರೊಲೇಬನ್ನು ನಿಲ್ಲಿಸಿ ಸೂರ್ಯನನ್ನು ಅಳೆಯಬೇಕಾಯಿತು.

ಇತ್ತ ಅರಬ್ಬಿ ಸಮುದ್ರದ ನಾವಿಕರ ಬಳಿ ಇದ್ದ ಉಪಕರಣ ಎಷ್ಟು ಸರಳ ನೋಡಿ. ಅದರ ಹೆಸರು ಕಮಾಲ್. ಅಂಗೈಯಗಲದ ಒಂದು ಮರದ ಹಲಗೆ, ಅದರ ನಡುವಿನ ತೂತಿನಿಂದ ಹೊರಟ ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗಿದರೆ ಆ ಗಂಟಿನ ಅಕ್ಷಾಂಶ ತಲುಪಿದಂತೆ. ಒಂದೊಂದು ಬಂದರಿಗೆ ಒಂದೊಂದು ಗಂಟು. ಬೇಕಾದ ಅಕ್ಷಾಂಶಕ್ಕೆ ಬಂದ ಮೇಲೆ ಅದನ್ನೇ ಹಿಡಿದು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದರಾಯಿತು. ಓದಲು ಬರೆಯಲು ಬಾರದವನೂ ಬಳಸಬಹುದಾದ ಸಾಧನವಿದು.

ಗಾಮ ಪೂರ್ವ ಆಫ್ರಿಕಾದ ಮಾಲಿಂದಿ ತಲುಪಿದ್ದು 1498ರ ಏಪ್ರಿಲ್‌ನಲ್ಲಿ. ಅಲ್ಲಿಂದ ಮುಂದಿನ ಸಮುದ್ರ ಆತನಿಗೆ ಅಪರಿಚಿತ. ಅಲ್ಲಿನ ರಾಜ ಒಬ್ಬ ನಾವಿಕನನ್ನು ಜೊತೆಗೆ ಕೊಟ್ಟ. ಆತ ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂದು ಬಹುಕಾಲ ಬರೆಯುತ್ತ ಬಂದರು. ಈಗಿನ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಪ್ರಕಾರ ಆತ ಗುಜರಾತಿನ ಮುಸ್ಲಿಂ. ತನ್ನ ಆಸ್ಟ್ರೊಲೇಬನ್ನು ಗಾಮ ಹೆಮ್ಮೆಯಿಂದ ತೋರಿಸಿದಾಗ ಆತ ಅಚ್ಚರಿಯನ್ನೇ ಪಡಲಿಲ್ಲವಂತೆ. ಇಂಥ ಸಾಧನಗಳು ನಮ್ಮವರಲ್ಲೂ ಇವೆ ಎಂದು ವಿವರಿಸಿ, ಭಾರತದ ಕರಾವಳಿಯ ನಕ್ಷೆಯನ್ನೇ ಮುಂದಿಟ್ಟನಂತೆ. ಪೋರ್ಚುಗೀಸ್ ಬರಹಗಳಲ್ಲಿ ಉಳಿದಿರುವ ‘ಮಾಲೆಮೊ ಕಾನಾಕಾ’ ಎಂಬುದು ಆತನ ಹೆಸರಲ್ಲ, ಬಿರುದು. ಮಾಲೆಮೊ ಎಂದರೆ ಅರಬ್ಬಿಯ ಮುಅಲ್ಲಿಂ, ಬಲ್ಲವನು. ಕಾನಾಕಾ ಎಂಬುದು ನಮ್ಮ ‘ಗಣಕ’ವೇ ಎಂದು ವಿದ್ವಾಂಸರು ಊಹಿಸುತ್ತಾರೆ.

ಏಪ್ರಿಲ್ 24ಕ್ಕೆ ಹೊರಟರು. ಐದು ದಿನಗಳ ಬಳಿಕ, ಬಹುಕಾಲದಿಂದ ಕಾಣದಿದ್ದ ಧ್ರುವ ನಕ್ಷತ್ರ ಮತ್ತೆ ಕಂಡಿತೆಂದು ಹಡಗಿನ ದಿನಚರಿ ದಾಖಲಿಸುತ್ತದೆ. ಮೇ 18ಕ್ಕೆ ಮಲಬಾರಿನ ನೆಲ ಕಂಡಿತು. ನೈಋತ್ಯ ಮಾರುತ ಬೆನ್ನಿಗಿತ್ತು. ಮೂರೂವರೆ ವಾರದಲ್ಲಿ ಸಮುದ್ರ ದಾಟಿದ್ದರು.

ವಾಪಸಾತಿಯ ಕಥೆಯನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಸಾಮೂದಿರಿಯೊಂದಿಗೆ ಸಂಬಂಧ ಕೆಟ್ಟು ಆಗಸ್ಟ್ ಕೊನೆಯಲ್ಲೇ ಕಲ್ಲಿಕೋಟೆ ಬಿಟ್ಟ ಗಾಮ, ನಮ್ಮ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿ ಹಡಗು ದುರಸ್ತಿ ಮಾಡಿಸಿಕೊಂಡ. ಅಕ್ಟೋಬರ್ 5ಕ್ಕೆ ಅಲ್ಲಿಂದ ಪಶ್ಚಿಮಕ್ಕೆ ಹೊರಟ. ಈಶಾನ್ಯ ಮಾರುತ ಇನ್ನೂ ನೆಲೆಗೊಂಡಿರಲಿಲ್ಲ. ಗಾಳಿ ಕೆಲವೊಮ್ಮೆ ಎದುರು, ಕೆಲವೊಮ್ಮೆ ಪೂರ್ತಿ ಸ್ತಬ್ಧ. ಹೋಗುವಾಗ ಮೂರೂವರೆ ವಾರ ಹಿಡಿದ ಸಮುದ್ರ ದಾಟಲು ಈಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ಒಸಡು ಊದಿ ಕೊಳೆಯುವ ಸ್ಕರ್ವಿಗೆ 30 ಮಂದಿ ಸತ್ತರು. ಪ್ರತಿ ಹಡಗಿನಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿದ್ದವರು ಏಳೆಂಟು ಜನ. ನಡೆಸಲು ಆಳಿಲ್ಲದೆ ಸಾವೊ ರಫಾಯೆಲ್ ಎಂಬ ಹಡಗನ್ನು ಆಫ್ರಿಕಾ ತೀರದಲ್ಲಿ ಸುಟ್ಟುಹಾಕಬೇಕಾಯಿತು.

ಅದೇ ಹಡಗುಗಳು, ಅದೇ ದಿಕ್ಸೂಚಿ, ಅದೇ ಆಸ್ಟ್ರೊಲೇಬ್. ಬದಲಾದದ್ದು ಗಾಳಿಯ ಲೆಕ್ಕ. ಆ ಲೆಕ್ಕ ಯಾವ ಉಪಕರಣದಲ್ಲೂ ಇರಲಿಲ್ಲ; ತಲೆಮಾರುಗಳಿಂದ ಈ ಸಮುದ್ರದಲ್ಲಿ ದುಡಿದವರ ನೆನಪಿನಲ್ಲಿತ್ತು. ‘ಮಾನ್ಸೂನ್’ ಪದವೇ ಋತು ಎಂಬರ್ಥದ ಅರಬ್ಬಿಯ ‘ಮೌಸಿಮ್’ನಿಂದ ಬಂದದ್ದು.

ಹಾಗಾದರೆ ಪೋರ್ಚುಗೀಸರ ಸಾಧನೆ ಏನೂ ಅಲ್ಲವೇ? ಖಂಡಿತ ಅಲ್ಲ ಎನ್ನಲಾರೆ. ಅಟ್ಲಾಂಟಿಕ್ ಸುತ್ತಿ, ಆಫ್ರಿಕಾದ ತುದಿ ಬಳಸಿ ಬಂದದ್ದು ಸಾಮಾನ್ಯ ಧೈರ್ಯವಲ್ಲ. ಜೊತೆಗೆ ಅವರು ಬರೆದಿಟ್ಟರು. ದಿನಚರಿ ಇಟ್ಟವರ ನಾಯಕನ ಹೆಸರು ಉಳಿಯಿತು, ದಾರಿ ತೋರಿದವನದು ಅಳಿಯಿತು. ಯುರೋಪಿನಿಂದ ಭಾರತದವರೆಗಿನ ಇಡೀ ದಾರಿಯನ್ನು ಜೋಡಿಸಿದ್ದು ಅವರೇ ಎಂಬುದನ್ನು ಒಪ್ಪೋಣ. ಆದರೆ ಜೋಡಿಸುವುದು ಬೇರೆ, ಕಂಡುಹಿಡಿಯುವುದು ಬೇರೆ. ಅರಬ್ಬಿ ಸಮುದ್ರದ ದಾರಿ ಎಂದೂ ಕಳೆದುಹೋಗಿರಲಿಲ್ಲ.

ಇದನ್ನೆಲ್ಲ ತಿಳಿದು ಕೆಲಸ ಹುಡುಕುವ ನಮಗೇನು ಲಾಭ ಎಂದು ಕೇಳಬಹುದು. ಉಪಕರಣ ಕೈಗೆ ಬಂದರೆ ವಿದ್ಯೆಯೇ ಬಂದಂತೆ ಎಂದು ನಂಬಿರುವ ಕಾಲ ನಮ್ಮದು. ಮೂರು ತಿಂಗಳ ಕೋರ್ಸ್, ಒಂದು ಸರ್ಟಿಫಿಕೇಟ್, ಮೊಬೈಲಿನಲ್ಲೊಂದು ಎಐ ಆ್ಯಪ್. ಎಲ್ಲವೂ ಬೇಕು, ನಿಜ. ಆದರೆ ಆ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದವರನ್ನು ಕೇಳದೆ, ಅಲ್ಲಿನ ಗಾಳಿ ಯಾವಾಗ ಯಾವ ಕಡೆ ಬೀಸುತ್ತದೆಂದು ತಿಳಿಯದೆ ಹೊರಟರೆ ಅಂಜದೀವ್‌ನಿಂದ ಹೊರಟ ಹಡಗಿನ ಪಾಡೇ ನಮ್ಮದೂ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಒಮ್ಮೆಯಾದರೂ ‘ಮಾಲಿಂದಿಯಿಂದ ಕಲ್ಲಿಕೋಟೆಗೆ ಗಾಮ ಹೇಗೆ ಬಂದ?’ ಎಂದು ಕೇಳಲಿ. ಉಪನ್ಯಾಸಕರು ತರಗತಿಯಲ್ಲಿ ರಟ್ಟು, ದಾರ ಕೊಟ್ಟು ಕಮಾಲ್ ಮಾಡಿಸಲಿ. ಹತ್ತು ರೂಪಾಯಿಯೂ ಖರ್ಚಾಗದು. ಅಲ್ಲಿಯವರೆಗೆ ನಾವೇ ಶುರು ಮಾಡಬಹುದು. ಮೋಡವಿಲ್ಲದ ರಾತ್ರಿ ಹಾಸ್ಟೆಲ್ ತಾರಸಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ಕೈ ಚಾಚಿ ಹಿಡಿಯಿರಿ. ಒಂದು ಮುಷ್ಟಿಯೆಂದರೆ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಾದರೆ ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆರಡು ಬೆರಳು. ಅಲ್ಲಿದೆ ಧ್ರುವ ನಕ್ಷತ್ರ.