ನೊರೆಯ ವ್ಯಾಮೋಹ

ಬಟ್ಟೆ ನೆನೆಹಾಕಿದ ಬಕೆಟ್ಟಿನಲ್ಲಿ ನೊರೆಯು ಅಂಚನ್ನು ಮೀರಿ ಉಕ್ಕಿದ ಹೊರತು ನಮಗೆ ಸಮಾಧಾನವಾಗದು. ನೊರೆ ಕಡಮೆಯೆಂದು ಕಂಡೊಡನೆ ಇನ್ನೊಂದು ಹಿಡಿ ಪುಡಿಯನ್ನು ಸುರಿಯುತ್ತೇವೆ. ನೊರೆ ಹೆಚ್ಚಿದಷ್ಟೂ ಕೊಳೆ ಕಳೆಯುವುದೆಂಬ ಈ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ನಿರಾಧಾರವಾದುದು. ಅದರ ಬೆಲೆಯನ್ನು ನಮ್ಮ ಕೆರೆಗಳು ತೆರುತ್ತಿವೆ.

ಮಾರ್ಜಕದ ಅಣುವಿಗೆ ಎರಡು ತುದಿಗಳು. ಒಂದಕ್ಕೆ ನೀರಿನಲ್ಲಿ ಒಲವು, ಮತ್ತೊಂದಕ್ಕೆ ಜಿಡ್ಡಿನಲ್ಲಿ. ಜಿಡ್ಡನ್ನೊಲಿಯುವ ತುದಿಗಳು ಕೊಳೆಯ ಕಣವನ್ನು ಸುತ್ತುಗಟ್ಟಿ ಹಿಡಿಯುತ್ತವೆ. ನೀರನ್ನೊಲಿಯುವ ತುದಿಗಳು ಹೊರಮುಖವಾಗಿ ನಿಂತು ಅದನ್ನು ನೀರಿಗೆ ಸೆಳೆದೊಯ್ಯುತ್ತವೆ. ಈ ಕೆಲಸವೆಲ್ಲ ನಡೆಯುವುದು ನೀರಿನೊಳಗೆ. ಗಾಳಿಯನ್ನು ತುಂಬಿಕೊಂಡು ಮೇಲೆ ತೇಲುವ ನೊರೆಗೆ ಅದರಲ್ಲಿ ಹೆಚ್ಚಿನ ಪಾತ್ರವಿಲ್ಲ. ಬಾಗಿಲು ಮುಂದಿರುವ ಒಗೆಯುವ ಯಂತ್ರಗಳಿಗೆಂದು ನೊರೆ ಕಡಮೆ ಬರುವ ಪುಡಿಯನ್ನೇ ಬೇರೆಯಾಗಿ ತಯಾರಿಸುತ್ತಾರೆ. ಏಕೆಂದರೆ ನೊರೆ ಹೆಚ್ಚಿದರೆ ಬಟ್ಟೆಗಳು ಮೆತ್ತೆಯ ಮೇಲೆ ಬಿದ್ದಂತೆ ಬಿದ್ದು ಒಗೆತವೇ ಕೆಡುತ್ತದೆ.

ಬಚ್ಚಲಿನಿಂದ ಹೊರಟ ನೊರೆ ಎಲ್ಲಿಗೆ ಹೋಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿಕೊಟ್ಟಿದೆ. 2015ರಲ್ಲಿ ಅದರ ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳುತ್ತಿದ್ದಿತು. ಅದೇ ವರ್ಷ ಆ ನೊರೆಗೆ ಬೆಂಕಿಯೂ ಹತ್ತಿತು. ನೀರಿನ ಮೇಲೆ ಬೆಂಕಿ! 2018ರ ಜನವರಿಯಲ್ಲಿ ಕೆರೆಯಂಗಳದಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ಸೈನಿಕರೇ ಬರಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ನೊರೆಯನ್ನು ಅಭ್ಯಾಸಮಾಡಿ, ಕೊಳಚೆಯೊಡನೆ ಬಂದ ಮಾರ್ಜಕವು ತಳದ ಕೆಸರಿಗೆ ಅಂಟಿಕೊಂಡಿದ್ದು, ಮಳೆಗಾಲದ ನೀರು ಕೆಸರನ್ನು ಕದಡಿದಾಗ ಮೇಲೆದ್ದು ಬರುವುದನ್ನು ಕಂಡುಕೊಂಡರು. ಎಂದೋ ಒಗೆದ ಬಟ್ಟೆಯ ನೊರೆ ಇಂದು ಮೇಲೇಳಬಹುದೆಂದಾಯಿತು.

ಕಣ್ಣಿಗೆ ಕಾಣದ ಹಾನಿ ಇನ್ನೊಂದುಂಟು. ಗಡಸು ನೀರನ್ನು ಮೆದುಮಾಡಲೆಂದು ಕೆಲವು ಪುಡಿಗಳಲ್ಲಿ ಫಾಸ್ಫೇಟನ್ನು ಬೆರೆಸುತ್ತಾರೆ. ಗದ್ದೆಗೆ ಗೊಬ್ಬರವಾಗುವ ವಸ್ತು ಕೆರೆಗೂ ಗೊಬ್ಬರವೇ. ಅದನ್ನುಂಡು ಪಾಚಿ ದಟ್ಟವಾಗಿ ಬೆಳೆಯುತ್ತದೆ; ಸತ್ತ ಪಾಚಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಮಲಮೂತ್ರಗಳಲ್ಲಿಯೂ ಫಾಸ್ಫೇಟು ಇರುವುದರಿಂದ ಎಲ್ಲ ಅಪರಾಧವನ್ನೂ ಸಾಬೂನಿನ ಪುಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ನಮ್ಮ ಕೈಯಿಂದ ಕಡಮೆಮಾಡಬಹುದಾದ ಪಾಲು ಇದು.

ಕೊಳಚೆಯನ್ನು ಶುದ್ಧಿಮಾಡುವುದು ನಗರಾಡಳಿತದ ಕರ್ತವ್ಯವಲ್ಲವೇ ಎಂದು ವಾಚಕರು ಕೇಳಬಹುದು. ನಿಶ್ಚಯವಾಗಿಯೂ ಹೌದು, ಆ ಹೊಣೆಯಿಂದ ಅವರನ್ನು ಬಿಡಿಸುವುದು ನಮ್ಮ ಉದ್ದೇಶವಲ್ಲ. ಆದರೂ ಸುರಿಯದೇ ಉಳಿದ ಪುಡಿಯನ್ನು ಯಾವ ಶುದ್ಧೀಕರಣ ಘಟಕವೂ ಸೋಸಬೇಕಾಗಿಲ್ಲ.

ಹಾಗಾದರೆ ಅಜ್ಜಿಯ ಕಾಲದ ಸೀಗೆ, ಅಂಟುವಾಳಗಳಿಗೆ ಹಿಂದಿರುಗೋಣವೆನ್ನುವವರಿದ್ದಾರೆ. ಇಲ್ಲಿಯೂ ಎಚ್ಚರ ಬೇಕು. ಅಂಟುವಾಳದ ನೊರೆಗೆ ಕಾರಣವಾದ ಸಾಪೊನಿನ್ ಮೀನುಗಳಿಗೆ ವಿಷ. ಅಂಥ ಕಾಯಿ ಬೇರುಗಳನ್ನು ಅರೆದು ನೀರಿನಲ್ಲಿ ಕದಡಿ ಮೀನು ಹಿಡಿಯುವ ಪದ್ಧತಿ ಅನೇಕ ನಾಡುಗಳಲ್ಲಿದ್ದಿತು. ಸಾಪೊನಿನ್ ಬೇಗ ಕೊಳೆತುಹೋಗುವುದು ನಿಜ, ಆದರೆ ಗಿಡದಿಂದ ಬಂದದ್ದೆಲ್ಲವೂ ನಿರಪಾಯವೆಂದು ತಿಳಿಯಬಾರದು. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಈಗಲೂ ಒಳ್ಳೆಯದೇ. ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಬೂದಿಯ ಕ್ಷಾರವು ಎಣ್ಣೆಯನ್ನೇ ಸಾಬೂನಾಗಿ ಮಾರ್ಪಡಿಸುತ್ತದೆ. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿಯನ್ನು ಎಲ್ಲಿಂದ ತರುವುದೋ ನಾವರಿಯೆವು! ಅದಿಲ್ಲದಿದ್ದರೂ, ತಟ್ಟೆಯ ಜಿಡ್ಡನ್ನು ತೊಳೆಯುವ ಮುನ್ನವೇ ಹಳೆಯ ಕಾಗದದಿಂದ ಒರೆಸಿಬಿಟ್ಟರೆ ಮಾರ್ಜಕದ ಕೆಲಸ ಬಹಳಮಟ್ಟಿಗೆ ತೀರುತ್ತದೆ.

ನಮ್ಮ ಮಾತನ್ನು ಕೇಳಿ ನಂಬಬೇಕಾಗಿಲ್ಲ, ಪ್ರಯೋಗ ಸುಲಭವಾಗಿದೆ. ಒಂದೇ ಬಟ್ಟೆಯ ಎರಡು ತುಂಡುಗಳಿಗೆ ಸಮನಾಗಿ ಎಣ್ಣೆ, ಅರಿಸಿನ ಹಚ್ಚಿರಿ. ಒಂದನ್ನು ಮನೆಯಲ್ಲಿ ರೂಢಿಯಾಗಿರುವಷ್ಟು ಪುಡಿಯಲ್ಲಿ, ಇನ್ನೊಂದನ್ನು ಅದರ ಅರ್ಧದಲ್ಲಿ, ಅಷ್ಟೇ ನೀರಿನಲ್ಲಿ ಅಷ್ಟೇ ಹೊತ್ತು ನೆನೆಸಿ ಒಗೆಯಿರಿ. ಕೊಳವೆಬಾವಿಯ ಗಡಸು ನೀರಿಗೂ ನದಿಯ ಮೆದು ನೀರಿಗೂ ಫಲ ಬೇರೆಯಾಗಬಹುದಾದ್ದರಿಂದ ಎರಡೂ ದೊರೆಯುವಲ್ಲಿ ಎರಡರಲ್ಲಿಯೂ ಪರೀಕ್ಷಿಸಿರಿ. ಒಣಗಿದ ಮೇಲೆ ಯಾವುದು ಯಾವುದೆಂದು ಹೇಳದೆ ತಾಯಿಯವರ ಮುಂದಿಡಿ. ಅವರಿಗೆ ಭೇದ ಕಾಣದಿದ್ದರೆ, ಪುಡಿಯ ಡಬ್ಬದೊಳಗೆ ಒಂದು ಅಳತೆಯ ಚಮಚವನ್ನು ಅಂದೇ ಹಾಕಿಡಿ.